ಬೆನ್ನಿಗೆ ಕಟ್ಟಿಕೊಂಡು ಕಾಪಾಡಿದ ಜೀವಗಳು

ಪದ್ಮ ಪ್ರಶಸ್ತಿ ಸ್ವೀಕರಿಸುವವರ ಸಾಲಿನಲ್ಲಿ ವಿದ್ವಾಂಸರು, ಕಲಾವಿದರು, ಹೆಸರಾಂತ ವೈದ್ಯರು ನಿಲ್ಲುವುದನ್ನು ನಾವು ಕಂಡಿದ್ದೇವೆ. 2017ರಲ್ಲಿ ಆ ಸಾಲಿನಲ್ಲಿ ಚಹಾ ತೋಟದ ಕೂಲಿಕಾರರೊಬ್ಬರೂ ಇದ್ದರು. ಪಶ್ಚಿಮ ಬಂಗಾಳದ ಜಲಪಾಯಿಗುಡಿ ಜಿಲ್ಲೆಯ ಶ್ರೀ ಕರೀಮುಲ್ ಹಕ್ ಅವರಿಗೆ ಆ ವರ್ಷ ಸಮಾಜಸೇವೆಗಾಗಿ ಪದ್ಮಶ್ರೀ ಸಂದಿತು. ಅವರು ವೈದ್ಯರಲ್ಲ, ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದವರೂ ಅಲ್ಲ. ತಮ್ಮ ಮೋಟಾರ್ ಸೈಕಲ್ಲಿನಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸಿದವರು. ಅಲ್ಲಿಯ ಜನ ಅವರನ್ನು ‘ಬೈಕ್ ಆಂಬುಲೆನ್ಸ್ ದಾದಾ’ ಎಂದು ಕರೆಯುತ್ತಾರೆ. ನಮ್ಮಲ್ಲಿ ದಾದಾ ಎಂದೊಡನೆ ಬೇರೆಯೇ ಚಿತ್ರ ಕಣ್ಣಮುಂದೆ ಬರುತ್ತದೆ. ಬಂಗಾಳಿಯಲ್ಲಿ ಆ ಪದಕ್ಕೆ ಅಣ್ಣ ಎಂದರ್ಥ.

ಹಿಮಾಲಯದ ತಪ್ಪಲಿನ ಡುವಾರ್ಸ್ ಸೀಮೆ ಚಹಾ ತೋಟಗಳಿಗೂ ಕಾಡುಗಳಿಗೂ ಹೆಸರಾದುದು. ನೋಡುವವರ ಕಣ್ಣಿಗೆ ಹಬ್ಬ. ಆದರೆ ಮಳೆಗಾಲದಲ್ಲಿ ಬೆಟ್ಟದಿಂದಿಳಿದ ಹೊಳೆಗಳು ಉಕ್ಕಿದಾಗ, ಒಳಗಿನ ಹಳ್ಳಿಗಳಲ್ಲಿ ಕಾಯಿಲೆ ಬಿದ್ದವರ ಪಾಡು ಹೇಳತೀರದು. ಕರೀಮುಲ್ ಅವರದು ಅಂತಹ ಹಳ್ಳಿಗಳಲ್ಲೊಂದಾದ ರಾಜಾಡಾಂಗಾ. 1995ರಲ್ಲಿ ಅವರ ತಾಯಿ ತೀವ್ರವಾಗಿ ಅಸ್ವಸ್ಥರಾದಾಗ ಅವರು ವಾಹನಕ್ಕಾಗಿ ಮನೆಮನೆಗೆ ಅಲೆದರು. ವಾಹನ ದೊರೆಯಲಿಲ್ಲ, ತಾಯಿ ಉಳಿಯಲಿಲ್ಲ.

ಇಂತಹ ಸಂಕಟವನ್ನು ಹಣೆಬರಹವೆಂದು ನುಂಗಿಕೊಂಡು ಸುಮ್ಮನಾಗುವವರೇ ಹೆಚ್ಚು. ಅವರೂ ಕೆಲಕಾಲ ಹಾಗೆಯೇ ದಿನ ದೂಡಿದರೆಂದು ತೋರುತ್ತದೆ. ಕೆಲವು ವರ್ಷಗಳ ಅನಂತರ ತೋಟದಲ್ಲಿ ಜೊತೆಯ ಕೂಲಿಕಾರರೊಬ್ಬರು ಕುಸಿದುಬಿದ್ದರು. ಆಗಲೂ ಆಂಬುಲೆನ್ಸ್ ಬರಲಿಲ್ಲ. ಕರೀಮುಲ್ ಅವರು ಆ ರೋಗಿಯನ್ನು ಬಟ್ಟೆಯಿಂದ ತಮ್ಮ ಬೆನ್ನಿಗೆ ಬಿಗಿದುಕೊಂಡು, ಮೋಟಾರ್ ಸೈಕಲ್ಲಿನಲ್ಲಿ ಸುಮಾರು 50 ಕಿಲೋಮೀಟರ್ ದೂರದ ಜಲಪಾಯಿಗುಡಿಯ ಆಸ್ಪತ್ರೆಗೆ ಮುಟ್ಟಿಸಿದರು. ಆ ಜೀವ ಉಳಿಯಿತು. ಅಂದಿನಿಂದ ಸುತ್ತಲಿನ ಇಪ್ಪತ್ತಕ್ಕೂ ಮಿಕ್ಕಿದ ಹಳ್ಳಿಗಳವರಿಗೆ ಕಷ್ಟಕಾಲದಲ್ಲಿ ಮೊದಲು ನೆನಪಾಗುವ ಹೆಸರು ಅವರದಾಯಿತು. ಹಗಲು ತೋಟದ ದುಡಿಮೆ, ಕರೆ ಬಂದಾಗ ಈ ಸೇವೆ. ಪೆಟ್ರೋಲಿನ ಖರ್ಚು ಕೂಲಿಯ ಹಣದಲ್ಲಿಯೇ ನಡೆಯಬೇಕಾಗಿತ್ತು. ಬಡವರಿಂದ ಬಾಡಿಗೆ ಪಡೆಯಲಿಲ್ಲ. ಶರಣರ ನಾಡಿನವರಾದ ನಮಗೆ ಇದನ್ನು ಬಣ್ಣಿಸಲು ಬೇರೆ ಮಾತು ಬೇಕಿಲ್ಲ, ಕಾಯಕವೆಂದರೆ ಸಾಕು.

ಸಾಗಿಸುವುದಷ್ಟೇ ಸಾಲದೆಂಬುದನ್ನು ಅವರು ಬೇಗ ಅರಿತರು. ಸ್ಥಳೀಯ ವೈದ್ಯರಿಂದ ಪ್ರಥಮ ಚಿಕಿತ್ಸೆ ಕಲಿತರು. ರಕ್ತದೊತ್ತಡ, ಸಕ್ಕರೆ ಅಂಶ ನೋಡುವುದನ್ನು ಅಭ್ಯಾಸ ಮಾಡಿದರು. ವೈದ್ಯರ ಕೈ ಸೇರುವವರೆಗೆ ಜೀವ ಹಿಡಿದಿಡುವ ಈ ವಿದ್ಯೆ ಸಣ್ಣದಲ್ಲ. ಹೃದಯ ನಿಂತಾಗ ರಕ್ತಸಂಚಾರವಿಲ್ಲದ ಮಿದುಳು ಕೆಲವೇ ನಿಮಿಷಗಳಲ್ಲಿ ಹಾನಿಗೀಡಾಗುತ್ತದೆ. ಎಷ್ಟು ದೊಡ್ಡ ಆಸ್ಪತ್ರೆಯಾದರೂ ಕಳೆದ ಆ ನಿಮಿಷಗಳನ್ನು ಹಿಂದಕ್ಕೆ ತರಲಾರದು.

ಹೊಲಗದ್ದೆಗಳಲ್ಲಿ ದುಡಿಯುವ ಮನೆತನಗಳವರು ಹಾವಿನ ಕಡಿತದ ವಿಷಯವನ್ನು ವಿಶೇಷವಾಗಿ ಗಮನಿಸಬೇಕೆಂದು ನಾವು ಬಯಸುತ್ತೇವೆ. ಡುವಾರ್ಸಿಗೆ ಪಶ್ಚಿಮದಲ್ಲಿರುವ ಪೂರ್ವ ನೇಪಾಳದ ತರಾಯಿ ಪ್ರದೇಶದಲ್ಲಿ ನಡೆದ ಪ್ರಯೋಗವೊಂದರ ವರದಿ 2013ರಲ್ಲಿ ಪ್ರಕಟವಾಯಿತು. ಅಲ್ಲಿಯ ನಾಲ್ಕು ಹಳ್ಳಿಗಳ ಜನರಿಗೆ ತಿಳಿವಳಿಕೆ ನೀಡಿ, ಬೈಕ್ ಉಳ್ಳ ಸ್ವಯಂಸೇವಕರನ್ನು ಗೊತ್ತುಮಾಡಲಾಯಿತು. ಹಾವು ಕಡಿದವರನ್ನು ಸವಾರನಿಗೂ ಹಿಂದೆ ಕುಳಿತವನಿಗೂ ನಡುವೆ ಕೂರಿಸಿ ನೇರವಾಗಿ ಚಿಕಿತ್ಸಾ ಕೇಂದ್ರಕ್ಕೆ ಒಯ್ಯುವ ಏರ್ಪಾಡು ಅದು. ಕಡಿತಕ್ಕೊಳಗಾದವರಲ್ಲಿ ಮೊದಲು ನೂರಕ್ಕೆ 10.5ರಷ್ಟಿದ್ದ ಸಾವಿನ ಪ್ರಮಾಣ 0.5ಕ್ಕೆ ಇಳಿಯಿತು. ಹೊಸ ಔಷಧಿಯೇನೂ ಬಂದಿರಲಿಲ್ಲ. ಮಂತ್ರ, ಮದ್ದು ಎಂದು ಕಾಲ ಕಳೆಯುವುದು ತಪ್ಪಿತು, ಬೇಗ ಮುಟ್ಟಿಸುವವರು ದೊರೆತರು, ಅಷ್ಟೆ. ಕಡಿದ ಜಾಗವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು ಎಲ್ಲವೂ ಕೇಡು. ಕಡಿತವಾದ ಕೈಕಾಲನ್ನು ಅಲುಗಾಡಿಸದಂತೆ ಇರಿಸಿ, ವಿಷನಿರೋಧಕ ಔಷಧಿ ದೊರೆಯುವ ಆಸ್ಪತ್ರೆಗೆ ಧಾವಿಸುವುದೊಂದೇ ದಾರಿ. ಬೆನ್ನುಮೂಳೆಗೆ ಪೆಟ್ಟಾದವರ ಮಾತು ಬೇರೆ. ಅವರನ್ನು ಬೈಕಿನಲ್ಲಿ ಕೂರಿಸಲಾಗದು, ಮಲಗಿಸಿಯೇ ಒಯ್ಯಬೇಕು.

ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಅದರಲ್ಲಿ ಚಾಲಕರೊಡನೆ ತುರ್ತು ಚಿಕಿತ್ಸೆಯ ತರಬೇತಿ ಪಡೆದ ಸಹಾಯಕರೊಬ್ಬರು ಇರುತ್ತಾರೆ. ಆಸ್ಪತ್ರೆ ಮುಟ್ಟುವ ಮುನ್ನವೇ ಹೆರಿಗೆಯಾದರೆ ಬಸುರಿಗೂ ಕೂಸಿಗೂ ಅವರೇ ದಿಕ್ಕು. ರೋಗಿ ಗುಣವಾಗಿ ಮನೆಗೆ ಬಂದ ಮೇಲೆ ನಾವು ಹಣ್ಣುಹಂಪಲು ಹಿಡಿದು ವೈದ್ಯರನ್ನು ಕಾಣಲು ಹೋಗುತ್ತೇವೆ; ಅದು ಯೋಗ್ಯವೇ. ಆದರೆ ಆ ರಾತ್ರಿ ಗಾಡಿಯಲ್ಲಿ ರೋಗಿಯ ಪಕ್ಕ ಮಂಡಿಯೂರಿ ಕುಳಿತು ಆಮ್ಲಜನಕ ಕೊಟ್ಟವರ ಹೆಸರೇನೆಂದು ಕೇಳಿದರೆ ಮನೆಯವರಲ್ಲಿ ಯಾರೂ ಅರಿಯರು. ನಮ್ಮ ಊರುಗಳ ಜಾತ್ರೆ, ಉತ್ಸವಗಳ ವೇದಿಕೆಗಳಲ್ಲಿ ಶಾಲು ಹೊದಿಸಿಕೊಳ್ಳುವವರ ಪಟ್ಟಿ ವರ್ಷವರ್ಷವೂ ಬೆಳೆಯುತ್ತಿದೆ. ಈ ಸಹಾಯಕರ ಹೆಸರು ಆ ಪಟ್ಟಿಯಲ್ಲಿ ಬಲು ಅಪರೂಪ. ಸಮಿತಿಗಳ ಹಿರಿಯರು ಬೇಸರಿಸದೆ ಈ ಮಾತನ್ನು ಆಲಿಸಬೇಕು.

ಪದ್ಮಶ್ರೀಯೊಡನೆ ಹಣ ಬರುವುದಿಲ್ಲ. ಪದಕ ಮತ್ತು ಪ್ರಶಸ್ತಿ ಪತ್ರ ಮಾತ್ರ. ಆದರೆ ಆ ಗೌರವದಿಂದ ಕರೀಮುಲ್ ಅವರ ಹೆಸರು ದೇಶಕ್ಕೆಲ್ಲ ತಿಳಿಯಿತು. ಬಜಾಜ್ ಕಂಪನಿಯವರು ರೋಗಿಯನ್ನು ಮಲಗಿಸಲು ಅನುಕೂಲವಾದ, ಮಳೆಗೆ ನೆನೆಯದ, ಆಮ್ಲಜನಕದ ಸಿಲಿಂಡರ್ ಇರಿಸಬಹುದಾದ ಪಕ್ಕದ ಗಾಡಿಯುಳ್ಳ ಬೈಕೊಂದನ್ನು ಅವರಿಗೆ ನೀಡಿದರು. ದೆಹಲಿಯಿಂದ ಮರಳಿದ ಅವರು ಮತ್ತೆ ಅದೇ ಹಳ್ಳಿಗಳ ದಾರಿ ಹಿಡಿದರು. ಬೆನ್ನಿಗೆ ಬಟ್ಟೆ ಬಿಗಿಯಬೇಕಾದ ಪ್ರಸಂಗ ಕಡಿಮೆಯಾದುದೊಂದೇ ವ್ಯತ್ಯಾಸ.