ಕೋವಿ, ವೀಸಾ ಮತ್ತು ಬೇಟೆಯ ಪರವಾನಗಿ

ಕೊಡಗಿನಲ್ಲಿ ಕೋವಿ ಬರೀ ಗೋಡೆಯ ಅಲಂಕಾರವಲ್ಲ. ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ಪೂಜೆ, ಬಳಿಕ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ. 1861ರಲ್ಲಿ ಬ್ರಿಟಿಷರು ನೀಡಿದ ವಿನಾಯಿತಿ ಇಂದಿಗೂ ಮುಂದುವರಿದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ಬೇಡ.

ಅದೇ ಮನೆಯ ಹುಡುಗ ನೌಕರಿಗೆಂದು ಅಮೆರಿಕಕ್ಕೆ ಹೋದರೆ? ಅಂಗಡಿಗಳಲ್ಲಿ ಬಂದೂಕು ಸಾಲಾಗಿ ನಿಂತಿರುವ ದೇಶವದು. ಆದರೆ ಅವನು ಮುಟ್ಟುವಂತಿಲ್ಲ! 1998ರ ತಿದ್ದುಪಡಿಯ ಪ್ರಕಾರ, ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲೀ ಗುಂಡುಗಳನ್ನಾಗಲೀ ಹೊಂದುವುದು ಅಪರಾಧ. ಗುರಿ ಅಭ್ಯಾಸದ ಮೈದಾನದಲ್ಲಿ ಬಾಡಿಗೆಗೆ ಪಡೆದರೂ ತಪ್ಪು ತಪ್ಪೇ. ಗ್ರೀನ್ ಕಾರ್ಡ್ ದೊರೆತವರಿಗೆ ಈ ತಡೆಯಿಲ್ಲ.

ಕಾನೂನಿನೊಳಗೇ ಒಂದು ಕಿಂಡಿಯೂ ಇದೆ. ಅಲ್ಲಿನ ಯಾವುದಾದರೊಂದು ರಾಜ್ಯದ ಬೇಟೆ ಪರವಾನಗಿ ಕೈಯಲ್ಲಿದ್ದರೆ ನಿಷೇಧ ಅನ್ವಯಿಸುವುದಿಲ್ಲ. ಹೀಗಾಗಿ ಕಾಗದದ ಗುರಿಗಷ್ಟೇ ಹೊಡೆಯಬಯಸುವ ಶುದ್ಧ ಸಸ್ಯಾಹಾರಿಯೂ ಬೇಟೆಗಾರನೆಂದು ಹೆಸರು ಬರೆಸಬೇಕು. ಅನೇಕ ರಾಜ್ಯಗಳಲ್ಲಿ ಮೊದಲು ಸುರಕ್ಷತಾ ತರಗತಿಗೆ ಹಾಜರಾಗಬೇಕು, ಅದೇನೋ ಒಳ್ಳೆಯದೇ. ತೊಡಕಿರುವುದು ಪರವಾನಗಿಯ ಅವಧಿಯಲ್ಲಿ. ನವೀಕರಿಸಲು ಮರೆತರೆ, ಕಪಾಟಿನಲ್ಲಿ ಬೀಗ ಹಾಕಿಟ್ಟ ಬಂದೂಕು ಮಾರನೆಯ ದಿನವೇ ಅಪರಾಧವಾಗುತ್ತದೆ. ಅಮೆರಿಕದ ಪ್ರಜೆಗೆ ಇಂಥ ಚಿಂತೆಯಿಲ್ಲ. ವೀಸಾದವನಿಗೆ ಮಾತ್ರ ಸೆರೆವಾಸದ ಜೊತೆಗೆ ಗಡೀಪಾರಿನ ಭಯ.