ಪರದೆ ಆರಿದ ಮೇಲೂ ಧ್ವನಿ ಕೇಳಿಸುವುದು ಹೇಗೆ?

ಮಕ್ಕಳೇ, ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿರುವ ಚೆನ್ನಕೇಶವ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಹೊಯ್ಸಳರ ಕಾಲದಲ್ಲಿ, 13ನೇ ಶತಮಾನದಲ್ಲಿ ಕಟ್ಟಿದ ಗುಡಿ ಅದು. ಹೊರಗೋಡೆಯಲ್ಲಿ ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಗಳ ಸಾಲು. ಸುತ್ತು ಬರುತ್ತಾ ನಿಧಾನವಾಗಿ ನೋಡಿದರೆ ಒಂದು ಗಂಟೆಯೂ ಸಾಲದು.

ನಿಮ್ಮ ಶಾಲೆಯಿಂದ ಅಲ್ಲಿಗೆ ಹೊರಸಂಚಾರ ಹೋಗಿದ್ದೀರಿ ಎಂದುಕೊಳ್ಳಿ. ಗುಡಿಯ ವಿವರಣೆಯನ್ನು ನಿಮ್ಮ ಶಿಕ್ಷಕರು ಮೊದಲೇ ಧ್ವನಿಮುದ್ರಿಸಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಮೊಬೈಲಿಗೆ ಪುಟ್ಟ ಸ್ಪೀಕರ್ ಜೋಡಿಸಿ, ಮೊಬೈಲನ್ನು ಜೇಬಿಗೆ ಹಾಕಿಕೊಂಡು ಗೋಡೆಯ ಉದ್ದಕ್ಕೂ ನಡೆಯುತ್ತಿದ್ದಾರೆ. ನಿಮ್ಮ ಕಣ್ಣು ಶಿಲ್ಪದ ಮೇಲೆ, ಕಿವಿ ವಿವರಣೆಯ ಕಡೆಗೆ. ಅರ್ಧ ನಿಮಿಷವಾಗುತ್ತಲೇ ಮೊಬೈಲಿನ ಪರದೆ ತಾನಾಗಿಯೇ ಆರಿತು. ಅದರೊಂದಿಗೆ ಧ್ವನಿಯೂ ನಿಂತಿತು! ಅಲ್ಲಿಗೇ ಬಂದಿರುವ ಇನ್ನೊಂದು ಶಾಲೆಯವರ ಮೊಬೈಲಿನ ಪರದೆಯೂ ಆರಿದೆ. ಆದರೆ ಅವರ ಸ್ಪೀಕರ್ ಮಾತನಾಡುತ್ತಲೇ ಇದೆ. ಎರಡೂ ಒಂದೇ ಬಗೆಯ ಮೊಬೈಲ್, ಬಳಸಿದ ಆ್ಯಪ್ ಮಾತ್ರ ಬೇರೆ. ಹಾಗಾದರೆ ಈ ವ್ಯತ್ಯಾಸಕ್ಕೆ ಕಾರಣವೇನು?

ಮೊದಲು ರೇಡಿಯೋವನ್ನು ನೆನೆಯೋಣ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದಾಗ ಜನ ಕೇಳುತ್ತಿದ್ದ ರೇಡಿಯೋ ಪೆಟ್ಟಿಗೆಗೂ, ‘ಕೇಳಿ ಕಲಿ’ ಬಾನುಲಿ ಪಾಠಕ್ಕೆಂದು ನಮ್ಮ ಶಾಲೆಗಳಲ್ಲಿ ಇಟ್ಟಿದ್ದ ರೇಡಿಯೋಗೂ ಒಂದು ಸಾಮ್ಯವಿದೆ. ಎರಡಕ್ಕೂ ಇದ್ದದ್ದು ಒಂದೇ ಕೆಲಸ. ಗುಂಡಿ ತಿರುಗಿಸಿದರೆ ನುಡಿಯುತ್ತಿತ್ತು, ಮತ್ತೆ ತಿರುಗಿಸಿದರೆ ಸುಮ್ಮನಾಗುತ್ತಿತ್ತು. ಮೊಬೈಲ್ ಹಾಗಲ್ಲ. ಅದರೊಳಗೆ ಹತ್ತಿಪ್ಪತ್ತು ಆ್ಯಪ್‌ಗಳು ಒಂದೇ ಪ್ರೊಸೆಸರ್, ಒಂದೇ ಸ್ಮೃತಿಕೋಶ, ಒಂದೇ ಬ್ಯಾಟರಿಯನ್ನು ಹಂಚಿಕೊಂಡು ಬಾಳಬೇಕು. ಪರದೆಯ ಮೇಲೆ ಕಾಣುತ್ತಿರುವ ಆ್ಯಪ್ ಮುನ್ನೆಲೆಯಲ್ಲಿದೆ ಎನ್ನುತ್ತೇವೆ. ನೀವು ಬೇರೆ ಆ್ಯಪ್ ತೆರೆದರೆ ಅಥವಾ ಪರದೆ ಆರಿದರೆ ಅದು ಹಿನ್ನೆಲೆಗೆ ಸರಿಯುತ್ತದೆ. ಹಿನ್ನೆಲೆಗೆ ಸರಿದವರಿಗೆಲ್ಲ ಕೆಲಸ ಮಾಡಲು ಬಿಟ್ಟರೆ ಸಂಜೆಗಿರಲಿ, ಮಧ್ಯಾಹ್ನದ ಹೊತ್ತಿಗೇ ಬ್ಯಾಟರಿ ಬರಿದಾದೀತು. ಆದ್ದರಿಂದ ಮೊಬೈಲಿನ ಯಜಮಾನನಂತಿರುವ ಆಪರೇಟಿಂಗ್ ಸಿಸ್ಟಂ ಎಂಬ ತಂತ್ರಾಂಶವು ಅವುಗಳನ್ನು ಇದ್ದಲ್ಲಿಯೇ ಸ್ತಬ್ಧಗೊಳಿಸುತ್ತದೆ.

ಸ್ತಬ್ಧವಾದರೆ ಧ್ವನಿ ಏಕೆ ನಿಲ್ಲಬೇಕು? ಒಮ್ಮೆ ಆರಂಭಿಸಿದ ಹಾಡು ತಾನಾಗಿ ಹರಿಯಬಾರದೇ? ಇಲ್ಲಿ ಒಂದು ಲೆಕ್ಕ ನೋಡಿ. ಸಿಡಿ ಗುಣಮಟ್ಟದ ಧ್ವನಿಯಲ್ಲಿ ಒಂದು ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. ಅಂದರೆ ಧ್ವನಿತರಂಗದ ಎತ್ತರವನ್ನು ಸೆಕೆಂಡಿಗೆ ಅಷ್ಟು ಸಲ ಅಳೆದು ಸಂಖ್ಯೆಗಳಾಗಿ ಬರೆದಿಟ್ಟಿರುತ್ತಾರೆ. ಒಂದೊಂದು ಸಂಖ್ಯೆಗೆ 2 ಬೈಟ್. ಎಡ ಬಲ ಎರಡು ಕಿವಿಗೂ ಬೇರೆ ಬೇರೆ. 44,100 × 2 × 2 = 1,76,400. ಪ್ರತಿ ಸೆಕೆಂಡಿಗೆ ಇಷ್ಟು ಬೈಟ್‌ಗಳು ಸ್ಪೀಕರ್‌ನ ಕಡೆಗೆ ಹೋಗುತ್ತಲೇ ಇರಬೇಕು. ಕಡತವು ಎಂಪಿ3 ರೂಪದಲ್ಲಿದ್ದರೆ ಅದು ಅದುಮಿ ಕಟ್ಟಿದ ಹುಲ್ಲಿನ ಹೊರೆಯಂತೆ. ಕ್ಷಣಕ್ಷಣವೂ ಬಿಚ್ಚಿ ಹರಡಿಕೊಡುವ ಕೆಲಸವೂ ಸೇರುತ್ತದೆ.

ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಕೊಳವೆಬಾವಿಯ ಮೋಟಾರು ಟ್ಯಾಂಕನ್ನು ತುಂಬಿಸುತ್ತದೆ, ಕೆಳಗೆ ನಲ್ಲಿಯಲ್ಲಿ ನೀರು ಸುರಿಯುತ್ತದೆ. ಮೊಬೈಲಿನಲ್ಲಿಯೂ ಬಫರ್ ಎಂಬ ಪುಟ್ಟ ಟ್ಯಾಂಕ್ ಇದೆ. ಆ್ಯಪ್ ಎಂಬುದು ಮೋಟಾರು, ಸ್ಪೀಕರ್ ಎಂಬುದು ನಲ್ಲಿ. ಈ ಟ್ಯಾಂಕಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಸಾಲುವಷ್ಟು ಧ್ವನಿ ಹಿಡಿಯುತ್ತದೆ ಎನ್ನಿ. ಆಗ ಆ್ಯಪ್ ಸೆಕೆಂಡಿಗೆ ಹತ್ತು ಸಲ ಎದ್ದು ಅದನ್ನು ತುಂಬಬೇಕು. ಆ್ಯಪನ್ನು ಸ್ತಬ್ಧಗೊಳಿಸಿದರೆ ಮೋಟಾರಿನ ಸ್ವಿಚ್ ಆರಿಸಿದಂತೆ. ಟ್ಯಾಂಕಿನಲ್ಲಿ ಉಳಿದಿದ್ದ ನಾಲ್ಕು ಹನಿ ಸುರಿದು ನಲ್ಲಿ ಒಣಗುತ್ತದೆ.

ಹಾಗಾದರೆ ಎರಡನೆಯ ಶಾಲೆಯವರ ಆ್ಯಪ್ ಏನು ಮಾಡಿತು? ಅದು ಮೊದಲೇ ಅನುಮತಿ ಕೇಳಿಕೊಂಡಿತ್ತು. ಗುಟ್ಟು ಇಷ್ಟೇ.

ಆ್ಯಪಲ್ ಕಂಪನಿಯ ಐಫೋನ್ 2007ರಲ್ಲಿ ಬಂದಾಗ ಅದರ ಸ್ವಂತ ಸಂಗೀತದ ಆ್ಯಪ್ ಹಿನ್ನೆಲೆಯಲ್ಲಿ ನುಡಿಯುತ್ತಿತ್ತು. ಆಮೇಲೆ ಹೊರಗಿನವರು ತಯಾರಿಸಿದ ಆ್ಯಪ್‌ಗಳು ಬಂದರೂ ಅವಕ್ಕೆ ಆ ಅವಕಾಶ ಇರಲಿಲ್ಲ. 2010ರಲ್ಲಿ ಬಂದ ಐಓಎಸ್ 4ರಲ್ಲಿ ಈ ಬಾಗಿಲು ತೆರೆಯಿತು. ಆದರೆ ನಿಯಮದೊಡನೆ: ಆ್ಯಪ್ ಬರೆಯುವವರು ಅದರ ವಿವರಪಟ್ಟಿಯಲ್ಲಿ ‘ಇದು ಹಿನ್ನೆಲೆಯಲ್ಲಿ ಧ್ವನಿ ನುಡಿಸುತ್ತದೆ’ ಎಂದು ಮೊದಲೇ ನಮೂದಿಸಬೇಕು. ಜೊತೆಗೆ ತನ್ನ ಧ್ವನಿ ಯಾವ ಬಗೆಯದು ಎಂಬುದನ್ನೂ ತಿಳಿಸಬೇಕು. ಆಟದ ನಡುವಿನ ‘ಟಿಂಗ್’ ಸದ್ದಿನ ಬಗೆಯೆಂದರೆ ಪರದೆ ಆರಿದೊಡನೆ ಅದನ್ನು ಅಡಗಿಸುತ್ತಾರೆ. ಕೇಳಲೆಂದೇ ನುಡಿಸುವ ಬಗೆಯೆಂದರೆ ಬಿಡುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ದಾರಿ ಬೇರೆ. ಮೊದಮೊದಲು ಅಲ್ಲಿ ಕಟ್ಟುನಿಟ್ಟು ಕಡಿಮೆ ಇತ್ತು. ಯಾವ ಆ್ಯಪ್ ಬೇಕಾದರೂ ಹಿನ್ನೆಲೆಯಲ್ಲಿ ದುಡಿಯುತ್ತಿತ್ತು, ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು. 2017ರ ಆಂಡ್ರಾಯ್ಡ್ 8ರಿಂದ ನಿಯಮ ಬಿಗಿಯಾಯಿತು. ಹಿನ್ನೆಲೆಗೆ ಸರಿದ ಆ್ಯಪ್‌ನ ಸಾಮಾನ್ಯ ಕೆಲಸಗಳನ್ನು ಕೆಲವೇ ನಿಮಿಷಗಳಲ್ಲಿ ನಿಲ್ಲಿಸಲಾಗುತ್ತದೆ. ದೀರ್ಘಕಾಲ ಧ್ವನಿ ನುಡಿಸಬೇಕಾದ ಆ್ಯಪ್ ‘ಫೋರ್‌ಗ್ರೌಂಡ್ ಸರ್ವಿಸ್’ ಎಂಬ ವಿಶೇಷ ಕೆಲಸಗಾರನನ್ನು ನೇಮಿಸಿಕೊಳ್ಳಬೇಕು. ಈ ಕೆಲಸಗಾರ ಗುಟ್ಟಾಗಿ ದುಡಿಯುವಂತಿಲ್ಲ. ‘ನಾನಿಲ್ಲಿ ನುಡಿಸುತ್ತಿದ್ದೇನೆ’ ಎಂಬ ಸೂಚನೆಯನ್ನು ನಮಗೆ ಕಾಣುವಂತೆ ಹಾಕಬೇಕು. ಹಿನ್ನೆಲೆಯಿಂದ ಕೆಲಸಕ್ಕೆ ನಿಂತವನು 5 ಸೆಕೆಂಡಿನೊಳಗೆ ಈ ಸೂಚನೆ ಹಾಕದಿದ್ದರೆ ಆ್ಯಪನ್ನೇ ಮುಚ್ಚಿಬಿಡುತ್ತಾರೆ! ಹಾಡು ನುಡಿಯುವಾಗ ಮೇಲಿನಿಂದ ಬೆರಳು ಎಳೆದರೆ ಹಾಡಿನ ಹೆಸರು, ನಿಲ್ಲಿಸುವ ಗುಂಡಿ ಕಾಣುವುದಲ್ಲ, ಅದೇ ಆ ಸೂಚನೆ. ಅಲಂಕಾರಕ್ಕೆ ಇಟ್ಟದ್ದಲ್ಲ. 2023ರ ಆಂಡ್ರಾಯ್ಡ್ 14ರಿಂದ, ಮಾಡುವ ಕೆಲಸ ಸಂಗೀತ ನುಡಿಸುವುದೋ ಸ್ಥಳ ಪತ್ತೆ ಮಾಡುವುದೋ ಎಂಬ ವಿಧವನ್ನೂ ಹೊಸ ಆ್ಯಪ್‌ಗಳು ಹೇಳಬೇಕಾಗಿದೆ.

ಅನುಮತಿ ಸಿಕ್ಕರೂ ಪರದೆ ಆರಿದಾಗ ಪ್ರೊಸೆಸರ್ ನಿದ್ರೆಗೆ ಜಾರಬಹುದು. ಅದಕ್ಕಾಗಿ ‘ವೇಕ್ ಲಾಕ್’ ಎಂಬ ವಿನಂತಿ ಇದೆ. ಪರದೆ ಮಲಗಲಿ, ಪ್ರೊಸೆಸರ್ ಎಚ್ಚರವಿರಲಿ ಎಂಬುದು ಅದರ ಅರ್ಥ. ಬ್ಯಾಟರಿಯನ್ನು ಹೆಚ್ಚು ಕುಡಿಯುವುದು ಬೆಳಗುವ ಪರದೆ. ಆದ್ದರಿಂದ ಈ ಏರ್ಪಾಡು ಲಾಭದಾಯಕವೇ. ದೃಷ್ಟಿದೋಷವಿರುವ ನಿಮ್ಮ ಗೆಳತಿಯೊಬ್ಬಳು ಧ್ವನಿಪುಸ್ತಕ ಕೇಳುವಾಗ ಪರದೆ ಬೆಳಗಬೇಕಾದ ಅಗತ್ಯವಾದರೂ ಏನಿದೆ?

ಇನ್ನೊಂದು ಪ್ರಶ್ನೆ. ಹಾಡು ನುಡಿಯುತ್ತಿರುವಾಗ ಕರೆ ಬಂದರೆ? ಇಬ್ಬರೂ ಒಟ್ಟಿಗೆ ಮಾತನಾಡಿದರೆ ಗಲಿಬಿಲಿಯಾಗುತ್ತದೆ. ಆದ್ದರಿಂದ ಮಾತನಾಡುವ ಸರದಿ ಒಂದು ಹೊತ್ತಿಗೆ ಒಬ್ಬರದು. ಆಂಡ್ರಾಯ್ಡ್‌ನಲ್ಲಿ ಇದನ್ನು ‘ಆಡಿಯೋ ಫೋಕಸ್’ ಎನ್ನುತ್ತಾರೆ. ಪ್ರಾರ್ಥನಾ ಸಭೆಯಲ್ಲಿ ಮುಖ್ಯ ಶಿಕ್ಷಕರು ಎದ್ದು ನಿಂತರೆ ನಾವೆಲ್ಲ ಸುಮ್ಮನಾಗುವುದಿಲ್ಲವೇ? ಹಾಗೆಯೇ ಕರೆ ಬಂದಾಗ ಹಾಡು ನಿಲ್ಲುತ್ತದೆ, ಕರೆ ಮುಗಿದ ಮೇಲೆ ಮುಂದುವರಿಯುತ್ತದೆ. ದಾರಿ ಹೇಳುವ ಆ್ಯಪ್ ‘ಎಡಕ್ಕೆ ತಿರುಗಿ’ ಎನ್ನುವಾಗ ಹಾಡು ಪೂರ್ತಿ ನಿಲ್ಲದೆ ದನಿ ತಗ್ಗಿಸುತ್ತದೆ. ಬಹಳ ವರ್ಷ ಇದು ಆ್ಯಪ್‌ಗಳ ನಡುವಿನ ಸೌಜನ್ಯವಾಗಿಯೇ ಇತ್ತು. ಸೌಜನ್ಯವಿಲ್ಲದ ಆ್ಯಪ್‌ಗಳೂ ಇದ್ದವೆಂದು ಬೇರೆ ಹೇಳಬೇಕಿಲ್ಲ. 2021ರ ಆಂಡ್ರಾಯ್ಡ್ 12ರಿಂದ ಸರದಿ ಕಳೆದುಕೊಂಡ ಆ್ಯಪ್‌ನ ದನಿಯನ್ನು ಸಿಸ್ಟಂ ತಾನೇ ಇಳಿಸತೊಡಗಿತು.

ಅನುಮತಿ ಎಂದಮೇಲೆ ದುರ್ಬಳಕೆಯೂ ಇದ್ದೀತು, ಅಜಾಗರೂಕತೆಯೂ ಇದ್ದೀತು. 2015ರಲ್ಲಿ ಐಫೋನಿನ ಫೇಸ್‌ಬುಕ್ ಆ್ಯಪ್ ವಿಪರೀತ ಬ್ಯಾಟರಿ ತಿನ್ನುತ್ತಿದೆ ಎಂದು ಜನ ದೂರಿದರು. ಹುಡುಕಿದಾಗ ಸಿಕ್ಕ ಕಾರಣಗಳಲ್ಲಿ ಒಂದು ಸ್ವಾರಸ್ಯಕರವಾಗಿತ್ತು. ವಿಡಿಯೋ ನೋಡಿ ಆ್ಯಪಿನಿಂದ ಹೊರಬಂದ ಮೇಲೂ ಧ್ವನಿಯ ಬಾಗಿಲು ಕೆಲವೊಮ್ಮೆ ತೆರೆದೇ ಉಳಿಯುತ್ತಿತ್ತು. ಏನೂ ಕೇಳಿಸದಿದ್ದರೂ, ಮೌನವನ್ನೇ ನುಡಿಸುತ್ತಿರುವಂತೆ ಆ್ಯಪ್ ಎಚ್ಚರವಾಗಿರುತ್ತಿತ್ತು! ಉದ್ದೇಶಪೂರ್ವಕವಲ್ಲವೆಂದು ತಿಳಿಸಿ ಕಂಪನಿಯು ಅದನ್ನು ಸರಿಪಡಿಸಿತು. ನುಡಿಸುವ ಆ್ಯಪ್‌ನಂತೆಯೇ ಆಲಿಸುವ ಆ್ಯಪ್ ಕೂಡ ಹಿನ್ನೆಲೆಯಲ್ಲಿ ಇರಬಲ್ಲದು ಎಂಬುದನ್ನು ನೆನಪಿಡಿ. ಮೈಕ್ ಕೆಲಸ ಮಾಡುತ್ತಿರುವಾಗ ಐಫೋನಿನಲ್ಲಿ 2020ರಿಂದ ಕಿತ್ತಳೆ ಬಣ್ಣದ ಚುಕ್ಕೆ, ಆಂಡ್ರಾಯ್ಡ್ 12 ಮತ್ತು ನಂತರದವುಗಳಲ್ಲಿ ಹಸಿರು ಗುರುತು ಪರದೆಯ ಮೇಲ್ತುದಿಯಲ್ಲಿ ಕಾಣಿಸುತ್ತದೆ. ನೀವು ಯಾರೊಡನೆಯೂ ಮಾತನಾಡುತ್ತಿಲ್ಲ, ಏನನ್ನೂ ಧ್ವನಿಮುದ್ರಿಸುತ್ತಿಲ್ಲ, ಆದರೂ ಆ ಗುರುತು ಕಂಡರೆ ಮನೆಯ ಹಿರಿಯರಿಗೆ ಕೂಡಲೇ ತೋರಿಸಿ.

ಕೆಲವೊಮ್ಮೆ ಆ್ಯಪ್ ಎಲ್ಲ ನಿಯಮ ಪಾಲಿಸಿದ್ದರೂ ಧ್ವನಿ ನಿಲ್ಲುವುದುಂಟು. ಕೆಲವು ಮೊಬೈಲ್ ತಯಾರಕರು ಬ್ಯಾಟರಿ ಉಳಿಸಲೆಂದು ತಮ್ಮದೇ ಕಾವಲುಗಾರನನ್ನು ಇಟ್ಟಿರುತ್ತಾರೆ. ಅವನಿಗೆ ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ವಿಭಾಗಕ್ಕೆ ಹೋಗಿ ನಿರ್ಬಂಧವನ್ನು ತೆಗೆದರೆ ಸಾಕು. ಪಾಠದ ಒಂದು ಆ್ಯಪ್‌ಗೆ ಮಾತ್ರ ಹೀಗೆ ಮಾಡಿ, ಎಲ್ಲಕ್ಕೂ ಮಾಡಬೇಡಿ. ಇನ್ನು ಯೂಟ್ಯೂಬ್ ಆ್ಯಪ್‌ನಲ್ಲಿ ವಿಡಿಯೋ ಹಾಡು ಪರದೆ ಆರಿದೊಡನೆ ನಿಲ್ಲುವುದಕ್ಕೆ ವಿಜ್ಞಾನ ಕಾರಣವಲ್ಲ, ವ್ಯಾಪಾರ ಕಾರಣ. ಹಿನ್ನೆಲೆಯಲ್ಲಿ ಕೇಳುವುದು ನಮ್ಮ ದೇಶದಲ್ಲಿ ಹಣ ಕಟ್ಟಿದವರಿಗೆ ಕೊಡುವ ಸೌಲಭ್ಯ. ಶಾಲೆಯ ಬಳಕೆಗೆ, ಧ್ವನಿ ಕಡತವನ್ನೇ ಮೊಬೈಲಿನಲ್ಲಿ ಇಳಿಸಿಕೊಂಡು ಸಾಧಾರಣ ಸಂಗೀತದ ಆ್ಯಪ್‌ನಲ್ಲಿ ನುಡಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ತೋಟಗಳ ನಡುವೆ ಸಿಗ್ನಲ್ ಹೋದರೂ ಚಿಂತೆಯಿಲ್ಲ.

ಮಾಡಿ ನೋಡಿ: ಶಿಕ್ಷಕರ ಅಥವಾ ಪೋಷಕರ ಮೊಬೈಲಿನಲ್ಲಿ ಆಕಾಶವಾಣಿಯನ್ನು ಇಂಟರ್‌ನೆಟ್ ಮೂಲಕ ನುಡಿಸಿ. ಒಂದು ನಿಮಿಷದ ನಂತರ ಏರೋಪ್ಲೇನ್ ಮೋಡ್ ಹಾಕಿ ಅಥವಾ ಡೇಟಾ, ವೈಫೈ ಎರಡನ್ನೂ ಆರಿಸಿ. ಕೂಡಲೇ ಒಂದು, ಎರಡು, ಮೂರು ಎಂದು ಸೆಕೆಂಡುಗಳನ್ನು ಎಣಿಸುತ್ತಾ ಹೋಗಿ. ಧ್ವನಿ ನಿಂತಾಗ ಎಷ್ಟಾಗಿತ್ತು? ಇಂಟರ್‌ನೆಟ್ಟಿನಿಂದ ಬರುವ ಧ್ವನಿಗೆಂದು ಆ್ಯಪ್ ಇಟ್ಟುಕೊಂಡಿದ್ದ ದೊಡ್ಡ ಟ್ಯಾಂಕಿನಲ್ಲಿ ಅಷ್ಟು ಸೆಕೆಂಡಿನ ಧ್ವನಿ ಉಳಿದಿತ್ತು ಎಂದಾಯಿತು. ಈಗ ಮೊಬೈಲಿನಲ್ಲಿ ಇಳಿಸಿಕೊಂಡ ಹಾಡೊಂದನ್ನು ಹಾಕಿ ಇದೇ ಪ್ರಯೋಗ ಮಾಡಿ. ಆಮೇಲೆ ಪರದೆ ಆರಿಸಿಯೂ ನೋಡಿ. ಎರಡು ಮೂರು ಬೇರೆ ಬೇರೆ ಮೊಬೈಲ್‌ಗಳಲ್ಲಿ ಸಿಕ್ಕ ಅಂಕಿಗಳನ್ನು ಪಟ್ಟಿ ಮಾಡಿ, ಎಲ್ಲಿ ನಿಂತಿತು, ಎಲ್ಲಿ ನಿಲ್ಲಲಿಲ್ಲ, ನಿಂತಲ್ಲಿ ಮೋಟಾರು ಕೆಟ್ಟಿತ್ತೋ ಬಾವಿಯೇ ಬತ್ತಿತ್ತೋ ಎಂದು ನಿಮ್ಮ ತರಗತಿಯಲ್ಲಿ ಚರ್ಚಿಸಿ.