ಗೋಡೆಯ ಬೆನ್ನಿಗೆ ನಿಲ್ಲುವ ನೀರು

ಸೊರಬದ ಪಡುಭಾಗದ ಇಳಿಜಾರಿನಲ್ಲಿ ಮನೆ ಕಟ್ಟುವವರು ಮೊದಲು ಗುಡ್ಡದ ಅಂಚು ಕಡಿದು ಜಾಗ ಸಮ ಮಾಡುತ್ತಾರೆ. ಕಡಿದದ್ದು ಹಿತ್ತಲಲ್ಲಿ ಧರೆಯಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಗುದ್ದಲಿಗೂ ಬಗ್ಗದ ಆ ಕೆಮ್ಮಣ್ಣು ಆಷಾಢದ ಮಳೆ ಕುಡಿದು ಒಂದು ರಾತ್ರಿ ಅಡುಗೆಮನೆಗೆ ನುಗ್ಗುತ್ತದೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿದ್ದನ್ನು ದೇಶವೇ ನೋಡಿತು. ಧರೆ ಕುಸಿತಕ್ಕೆ ಸಿಗುವುದು ಒಳಪುಟದ ನಾಲ್ಕು ಸಾಲು.

ಮಣ್ಣು ಹಿಡಿದು ನಿಲ್ಲಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ, ಕದಂಬರ ಕಾಕುಸ್ಥವರ್ಮ 5ನೇ ಶತಮಾನದಲ್ಲಿ ಕಟ್ಟಿಸಿದ ಕೆರೆಯನ್ನು ನೆನೆಯುತ್ತದೆ. ಹಳೆಯ ಕೆರೆ ಏರಿಗಳ ಒಳಮೈಗೆ ಗಾರೆಯಿಲ್ಲದೆ ಕಲ್ಲು ಹೊದಿಸಿರುವುದನ್ನು ನೋಡಿ. ಕೆರೆ ಇಳಿದಾಗ ಏರಿಯೊಳಗೆ ಉಳಿದ ನೀರು ಆ ಸಂದುಗಳಿಂದಲೇ ಸೋರಬೇಕು. ಗಾರೆ ಮೆತ್ತಿದ್ದರೆ ಏರಿಯೇ ಉಬ್ಬುತ್ತಿತ್ತು.

ಲೆಕ್ಕ ಸರಳ. 3 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಉದ್ದದ ಪ್ರತಿ ಮೀಟರಿಗೆ ನೀರೊಂದೇ ಸುಮಾರು 4.5 ಟನ್ ಬಲದಿಂದ ತಳ್ಳುತ್ತದೆ. ಒಣಮಣ್ಣಿನ ಒತ್ತಡ ಇದಕ್ಕಿಂತ ಸಾಕಷ್ಟು ಕಡಿಮೆ. ಸಿಮೆಂಟಿನ ಗಟ್ಟಿ ಗೋಡೆ ಕಟ್ಟಿ ನಿಶ್ಚಿಂತೆಯಿಂದ ಮಲಗುವವರು ಮರೆಯುವುದು ಇದನ್ನೇ.

ಗೋಡೆಯನ್ನು ಬಿಡಿಬಿಡಿ ತುಂಡುಗಳಲ್ಲಿ ಜೋಡಿಸುವ ಆಧುನಿಕ ವಿಧಾನಕ್ಕೆ ದಾರಿ ಮಾಡಿದವರು ಫ್ರಾನ್ಸಿನ ಎಂಜಿನಿಯರ್ ಆನ್ರಿ ವಿದಾಲ್. ಸಮುದ್ರದಂಡೆಯಲ್ಲಿ ಮರಳುಗುಡ್ಡೆಯ ನಡುವೆ ಪೈನ್ ಎಲೆಗಳನ್ನು ಪದರಪದರವಾಗಿ ಇಟ್ಟಾಗ ಅದು ಕುಸಿಯದೆ ನಿಂತಿತಂತೆ. 1960ರ ದಶಕದಲ್ಲಿ ಅವರು ಎಲೆಯ ಜಾಗಕ್ಕೆ ಉಕ್ಕಿನ ಪಟ್ಟಿ ತಂದರು. ಮುಂದೆ ಪ್ಲಾಸ್ಟಿಕ್ ಜಾಲರಿ, ಕೈಯಲ್ಲಿ ಎತ್ತಿ ಜೋಡಿಸಬಹುದಾದ ಕಾಂಕ್ರೀಟ್ ಬ್ಲಾಕುಗಳು ಬಂದವು. ಕೊಡಗಿಗೂ ಇದೇ ಬಳಗದ ತಂತ್ರ ಬಂತು. 2018ರ ಮಳೆಯ ನಂತರ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಕೆಳಗೆ ಎದ್ದ ತಡೆಗೋಡೆಯ ಫಲಕಗಳು 2022ರ ಮಳೆಗಾಲದಲ್ಲಿ ಉಬ್ಬಿ, ಮಂಗಳೂರು ರಸ್ತೆಯ ಸಂಚಾರವನ್ನೇ ತಡೆಯಬೇಕಾಯಿತು.

ಹಿತ್ತಲ ಧರೆಗೆ ಜಾಲರಿ ವಿಧಾನ ಹೊಂದುವುದಿಲ್ಲ ಎಂದೇ ನನ್ನ ಅನಿಸಿಕೆ. 3 ಮೀಟರ್ ಗೋಡೆಗೆ ಜಾಲರಿ ಸುಮಾರು 2 ಮೀಟರ್ ಒಳಗೆ ಹೋಗಬೇಕು. ಅಷ್ಟು ಅಗೆದರೆ ಉಳಿದ ಧರೆಯೂ ಜಾರೀತು. ಅದು ಮಣ್ಣು ತುಂಬಿ ಏರಿಸುವ ರಸ್ತೆಗೆ ಸರಿ. ಕಡಿದ ಧರೆಗಾದರೆ ಕಲ್ಲು ತುಂಬಿದ ತಂತಿಪಂಜರವೇ ಲೇಸು. ತನ್ನ ಭಾರದಿಂದ ನಿಲ್ಲುತ್ತದೆ, ಕೊಂಚ ಬಾಗಿದರೂ ಮುರಿಯುವುದಿಲ್ಲ, ಮೈಯೆಲ್ಲ ಸಂದು. ಧರೆಯನ್ನು ಒಂದೇ ನೇರಕ್ಕೆ ನಿಲ್ಲಿಸದೆ ಮೀಟರ್ ಎತ್ತರದ ಮೆಟ್ಟಿಲಾಗಿಸಬೇಕು, ಪಂಜರದ ಹಿಂದೆ ಮಣ್ಣು ಕೊಚ್ಚಿ ಬರದಂತೆ ಸೋಸುಬಟ್ಟೆ ಹಾಸಬೇಕು, ನೆತ್ತಿಯ ಮೇಲೆ ಮಳೆನೀರನ್ನು ಪಕ್ಕಕ್ಕೆ ಒಯ್ಯುವ ಕಾಲುವೆ ತೋಡಬೇಕು. ತೋಟದಲ್ಲಿ ವರ್ಷವರ್ಷ ಬಸಿಗಾಲುವೆ ಬಿಡಿಸುವ ಅಡಿಕೆ ಬೆಳೆಗಾರರಿಗೆ ಈ ಕೊನೆಯ ಕೆಲಸವನ್ನು ಯಾವ ಎಂಜಿನಿಯರೂ ಕಲಿಸಬೇಕಿಲ್ಲ.